ಫಾರ್ಮ್ಯಾಟ್ ಹೊಡೆಸುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ನಮ್ಮ ಇಂಡಿ, ಚಡಚಣ ಕಡೆ ಕಂಪ್ಯೂಟರ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ವೈರಸ್ ಬಂದೈತ್ರಿ, ಫಾರ್ಮ್ಯಾಟ್ ಹೊಡಸ್ರಿ." ಲ್ಯಾಪ್‌ಟಾಪ್ ನಿಧಾನವಾದರೂ ಫಾರ್ಮ್ಯಾಟ್, ಪರದೆ ನೀಲಿಯಾದರೂ ಫಾರ್ಮ್ಯಾಟ್, ತಾನೇ ಬಂದ್ ಬಿದ್ದರೂ ಫಾರ್ಮ್ಯಾಟ್. ನೆಗಡಿಗೂ ಹೊಟ್ಟೆನೋವಿಗೂ ಒಂದೇ ಸೂಜಿ ಮಾಡಿದ ಹಾಗೆ.

ಈ ಬೇಸಿಗೆಯಲ್ಲಿ ನನ್ನ ಲ್ಯಾಪ್‌ಟಾಪ್ 17 ದಿನದಲ್ಲಿ 13 ಸಲ ಬಿತ್ತು. ಮೂರು ಕಡೆ ಕೇಳಿದೆ, ಮೂರು ಕಡೆಯೂ ಅದೇ ಸೂಜಿ ಹೇಳಿದರು. ನಾನು ಹೊಡೆಸಲಿಲ್ಲ. ಯಾಕೆ ಹೊಡೆಸಲಿಲ್ಲ, ನಿಜವಾದ ಕಾರಣ ಹೇಗೆ ಸಿಕ್ಕಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಈಗ ಲ್ಯಾಪ್‌ಟಾಪ್ ಅಂದರೆ ಬರೀ ಪತ್ರಕರ್ತರ ಸಾಮಾನಲ್ಲ. ಡಿಗ್ರಿ ಓದುವ ಮಕ್ಕಳ ಹತ್ತಿರ ಇದೆ, ಗ್ರಾಮ ಒನ್ ಕೇಂದ್ರದಲ್ಲಿದೆ, ಹಾಲಿನ ಡೇರಿಯ ಲೆಕ್ಕದವರ ಹತ್ತಿರ ಇದೆ, ಮದುವೆ ವಿಡಿಯೋ ಮಾಡುವ ಹುಡುಗರ ಹತ್ತಿರ ಇದೆ. ಎಲ್ಲರದ್ದೂ ಒಂದಲ್ಲ ಒಂದು ದಿನ ಬೀಳುವುದೇ.

ನಾನು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವ ಸ್ಟ್ರಿಂಗರ್. ಸಂಬಳ ಅಂತ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ. ಹಲಸಂಗಿಯಲ್ಲಿ ಕೂತು ಭೀಮಾ ದಂಡೆಯ ಸುದ್ದಿ, ನಿಂಬೆ ಮತ್ತು ದ್ರಾಕ್ಷಿಯ ರೇಟು, ಪಂಚಾಯಿತಿ ಜಗಳ ಎಲ್ಲ ಬರೆದು ಕಳಿಸುತ್ತೇನೆ. ಮೊಬೈಲ್‌ನಲ್ಲೇ ಟೈಪ್ ಮಾಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ಮಾಡಬಹುದು, ಮಾಡುತ್ತೇನೆ ಕೂಡ. ಆದರೆ ಪುಟ ಕಟ್ಟುವ ಕಡೆ ಇನ್ನೂ ನುಡಿ ಅಕ್ಷರವೇ ಬೇಕು. ಫೋಟೋ ಕತ್ತರಿಸಬೇಕು, ವಿಡಿಯೋ ಜೋಡಿಸಬೇಕು. ಅದಕ್ಕೆ ಈ ಏಳು ವರ್ಷದ ಹಳೇ ಲ್ಯಾಪ್‌ಟಾಪ್.

ಸುದ್ದಿ ಹೋದರೆ ಒಂದು ದಿನದ ದುಡ್ಡು ಹೋಗುತ್ತದೆ, ಅಷ್ಟೇ. ನನಗೆ ಭಯವಿದ್ದದ್ದು ಬೇರೆ ವಿಷಯಕ್ಕೆ.

ಹಲಸಂಗಿ ಅಂದರೆ ಕನ್ನಡ ಓದಿದವರಿಗೆ ಹಲಸಂಗಿ ಗೆಳೆಯರು ನೆನಪಾಗುತ್ತಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಇವರು ಕೇಳಿ ಬರೆದುಕೊಂಡರು. 'ಗರತಿಯ ಹಾಡು' 1931ರಲ್ಲಿ ಅಚ್ಚಾಯಿತು, ಆಮೇಲೆ 'ಮಲ್ಲಿಗೆ ದಂಡೆ' ಬಂತು. ಅವರ ಊರಲ್ಲಿದ್ದುಕೊಂಡು ನಾನು ಸುಮ್ಮನಿರಲು ಆಗಲಿಲ್ಲ. ಎರಡು ವರ್ಷದಿಂದ ಬಿಡುವಾದಾಗಲೆಲ್ಲ ಸುತ್ತಲಿನ ಊರುಗಳ ಮುದುಕಿಯರ ಹತ್ತಿರ ಕೂತು ಹಾಡು ರೆಕಾರ್ಡ್ ಮಾಡುತ್ತಿದ್ದೇನೆ. ಈಗ ಬೀಸುವ ಕಲ್ಲು ಮನೆಯ ಮೂಲೆ ಸೇರಿದೆ, ಗಿರಣಿಯೇ ಎಲ್ಲರಿಗೂ ಗತಿ. ಕಲ್ಲಿಲ್ಲದೆ ಹಾಡು ನೆನಪಾಗುವುದಿಲ್ಲ ಅನ್ನುತ್ತಾರೆ. ಕೈಯಲ್ಲಿ ಗೂಟ ಹಿಡಿದ ಹಾಗೆ ತಿರುಗಿಸುತ್ತಾ ಹಾಡುತ್ತಾರೆ.

ಜನವರಿ ತನಕದ ರೆಕಾರ್ಡಿಂಗ್ ಎಲ್ಲ ಪೆನ್‌ಡ್ರೈವ್‌ನಲ್ಲೂ ಇತ್ತು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಗೆಳೆಯರೊಬ್ಬರಿಂದ ಒಳ್ಳೆಯ ರೆಕಾರ್ಡರ್ ಎರವಲು ತಂದು ಮಾಡಿದ 14 ಹಾಡು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದವು. ಅವನ್ನು ಪೆನ್‌ಡ್ರೈವ್‌ಗೆ ಹಾಕಲು ಕೂತ ದಿನವೇ ಲ್ಯಾಪ್‌ಟಾಪ್ ಬೀಳಲು ಶುರುವಾಯಿತು. ಅರ್ಧ ಕಾಪಿ ಆಗುವಷ್ಟರಲ್ಲಿ ಪರದೆ ಕಪ್ಪು. ಆ 14ರಲ್ಲಿ ಐದು ಹಾಡು ಒಬ್ಬ ಅಜ್ಜಿಯವು. ಎಂಬತ್ತು ದಾಟಿದವರು. ಹಾಡಿದ ಒಂದು ತಿಂಗಳಿಗೆ ತೀರಿಕೊಂಡರು. ಅವರ ಮಗಳು ಬಂದು ಕೇಳಿದ್ದರು: "ತಂಗೀ, ನಮ್ಮವ್ವನ ದನಿ ನಿನ್ನ ಹತ್ರ ಐತಿ ಅಂತಲ್ಲ. ನನ್ನ ಮೊಬೈಲ್ಗೆ ಹಾಕ್ಕೊಡವಾ." ಹಾಕಿಕೊಡುತ್ತೇನೆ ಅಂದಿದ್ದೆ.

ಈ ಪರಿಸ್ಥಿತಿಯಲ್ಲಿ ಅಂಗಡಿಯವರು ಹೇಳಿದ್ದು, "ಪೂರಾ ಒರಸಿ ಹೊಸಾದು ಹಾಕೂನ್ರಿ ಅಕ್ಕಾರ, ಅರ್ಧಾ ತಾಸಿನ ಕೆಲಸ."

ಫಾರ್ಮ್ಯಾಟ್ ಅಂದರೆ ಏನು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಲ್ಯಾಪ್‌ಟಾಪ್ ಒಳಗೆ ನೆನಪಿಡುವ ಜಾಗ ಎರಡು. ಒಂದು ಡಿಸ್ಕು. ಅದು ಕಿರಾಣಿ ಅಂಗಡಿಯ ಖಾತೆ ವಹಿ ಇದ್ದಂತೆ. ಕರೆಂಟ್ ಹೋದರೂ ಬರೆದದ್ದು ಅಲ್ಲೇ ಇರುತ್ತದೆ. ಇನ್ನೊಂದು ರ್‍ಯಾಮ್. ಅದು ಸಾಲಿ ಮಕ್ಕಳ ಪಾಟಿ ಇದ್ದಂತೆ. ಕೆಲಸ ನಡೆಯುವಾಗ ಅಲ್ಲಿ ಬರೆಯುತ್ತದೆ, ಒರೆಸುತ್ತದೆ, ಬಂದ್ ಮಾಡಿದರೆ ಪೂರ್ತಿ ಖಾಲಿ. ಫಾರ್ಮ್ಯಾಟ್ ಮಾಡುವುದು ಅಂದರೆ ವಹಿಯನ್ನು ಒರೆಸಿ, ವಿಂಡೋಸನ್ನು ಹೊಸದಾಗಿ ಬರೆಯುವುದು. ವಹಿಯಲ್ಲಿ ತಪ್ಪು ಸೇರಿದ್ದರೆ ಅದರಿಂದ ಉಪಯೋಗ ಉಂಟು. ಪಾಟಿಯೇ ಬಿರುಕು ಬಿಟ್ಟಿದ್ದರೆ ವಹಿ ಒರೆಸಿ ಏನು ಬಂತು? ಫ್ಯಾನ್ ಕಟ್ಟಿಕೊಂಡು ಒಳಗೆ ಕಾಯುತ್ತಿದ್ದರೆ ವಹಿ ಒರೆಸಿ ಏನು ಬಂತು? ಹೊಸ ವಿಂಡೋಸೂ ಅದೇ ರೀತಿ ಬೀಳುತ್ತದೆ, ವಹಿಯಲ್ಲಿದ್ದದ್ದು ಮಾತ್ರ ಹೋಗಿರುತ್ತದೆ.

ಅದಕ್ಕೆ ಮೊದಲು ಗೊತ್ತಾಗಬೇಕಾದದ್ದು: ಯಾವುದು ಕೆಟ್ಟಿದೆ? ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಮೊದಲ ವಾರ ಹೇಳಿಕೊಡುವ ಪ್ರಶ್ನೆಗಳೇ ಸಾಕು. ಏನಾಯಿತು, ಯಾವಾಗ, ಎಲ್ಲಿ, ಆಗ ಯಾರು ಏನು ಮಾಡುತ್ತಿದ್ದರು. ಅಪಘಾತದ ಸುದ್ದಿಗೆ ಹೋದಾಗ ಕೇಳುವುದನ್ನೇ ಲ್ಯಾಪ್‌ಟಾಪ್‌ಗೂ ಕೇಳಬೇಕು. ನಾನು ನೂರು ಪುಟದ ಒಂದು ನೋಟ್‌ಬುಕ್ ತಂದು ಪ್ರತಿ ಸಲ ಬಿದ್ದಾಗಲೂ ಬರೆದಿಟ್ಟೆ.

ಇದು ನನ್ನ ತಲೆಯಿಂದ ಹುಟ್ಟಿದ ಉಪಾಯವೇನಲ್ಲ. ಕಂಪ್ಯೂಟರ್ ಎಷ್ಟು ಹಳೆಯದೋ ಈ ರೂಢಿಯೂ ಅಷ್ಟೇ ಹಳೆಯದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರ್ ಇತ್ತು. ಅದರ ಕೆಲಸಗಾರರು ಒಂದು ದಿನವಹಿ ಇಟ್ಟಿದ್ದರು. ಎಷ್ಟು ಗಂಟೆಗೆ ಚಾಲೂ ಮಾಡಿದೆವು, ಯಾವ ಲೆಕ್ಕ ಕೊಟ್ಟೆವು, ಎಲ್ಲಿ ನಿಂತಿತು ಎಲ್ಲ ಅದರಲ್ಲಿ ಬರೆಯುತ್ತಿದ್ದರು. 1947ರ ಸೆಪ್ಟೆಂಬರ್ 9ರಂದು ಯಂತ್ರ ತಪ್ಪು ಮಾಡಿತು. ಹುಡುಕುತ್ತಾ ಹೋದರೆ ಒಳಗಿನ ಒಂದು ರಿಲೇಯಲ್ಲಿ ದೀಪದ ಹುಳು ಸಿಕ್ಕಿಕೊಂಡು ಸತ್ತಿತ್ತು. ಆ ಹುಳುವನ್ನು ತೆಗೆದು ಟೇಪು ಹಚ್ಚಿ ದಿನವಹಿಗೇ ಅಂಟಿಸಿದರು. ಪಕ್ಕದಲ್ಲಿ ಸಮಯವನ್ನೂ ಬರೆದರು, ಮಧ್ಯಾಹ್ನ 3:45. ಗ್ರೇಸ್ ಹಾಪರ್ ಎಂಬ ಹೆಸರಾಂತ ವಿಜ್ಞಾನಿ ಇದ್ದ ತಂಡ ಅದು. ಆ ಪುಟ ಇವತ್ತಿಗೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಕಂಪ್ಯೂಟರ್ ದೋಷಕ್ಕೆ 'ಬಗ್', ಅಂದರೆ ಹುಳು, ಎಂಬ ಮಾತು ಅದಕ್ಕಿಂತ ಮೊದಲೇ ಇತ್ತು. ಅವತ್ತು ನಿಜವಾದ ಹುಳುವೇ ಸಿಕ್ಕಿತು.

ನನ್ನ ನೋಟ್‌ಬುಕ್‌ನ ಮೊದಲ ನಾಲ್ಕು ಸಾಲು ಹೀಗಿವೆ:

ಏಪ್ರಿಲ್ 9, ಮಧ್ಯಾಹ್ನ 2:40. ಪತ್ರಾಸ್ ಕೋಣೆ. ಚಾರ್ಜರ್ ಹಚ್ಚಿದೆ. ವಿಡಿಯೋ ಕತ್ತರಿಸುತ್ತಾ ಪೆನ್‌ಡ್ರೈವ್‌ಗೆ ಕಾಪಿ. ಫ್ಯಾನ್ ಜೋರಾಗಿ ಕೂಗಿತು. ಒಮ್ಮೆಲೇ ಬಂದ್. ಯಾವ ಅಕ್ಷರವೂ ಬರಲಿಲ್ಲ.

ಏಪ್ರಿಲ್ 11, ಬೆಳಿಗ್ಗೆ 6:15. ಹೊರಗೆ ಕಟ್ಟೆ ಮೇಲೆ, ತಂಪು ಇತ್ತು. ಬ್ಯಾಟರಿ ಮೇಲೆ. ನುಡಿ, ಬ್ರೌಸರ್, 12 ಫೋಟೋ ತೆರೆದಿದ್ದವು. ನೀಲಿ ಪರದೆ. "ಮೆಮರಿ ಮ್ಯಾನೇಜ್‌ಮೆಂಟ್" ಅಂತ ಬಂತು.

ಏಪ್ರಿಲ್ 12, ಮಧ್ಯಾಹ್ನ 3:20. ಪತ್ರಾಸ್ ಕೋಣೆ. ಚಾರ್ಜರ್ ಹಚ್ಚಿದೆ. ವಿಡಿಯೋ. ಒಮ್ಮೆಲೇ ಬಂದ್.

ಏಪ್ರಿಲ್ 12, ರಾತ್ರಿ 9:05. ಪಡಸಾಲೆ. ಚಾರ್ಜರ್ ಹಚ್ಚಿದೆ. ಬ್ರೌಸರ್, ಆಡಿಯೋ. ನೀಲಿ ಪರದೆ. "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್."

ಹೀಗೆ 25ನೇ ತಾರೀಖಿನ ತನಕ 13 ಸಾಲು. ಎಂಟು ದಿನ ಆಗುವಷ್ಟರಲ್ಲೇ ನನಗೆ ಕಂಡದ್ದು, ಮನೆಗೆ ಬಂದ ಕಳ್ಳ ಒಬ್ಬನಲ್ಲ, ಇಬ್ಬರು ಎಂದು. ಒಮ್ಮೆಲೇ ಬಂದ್ ಆದದ್ದು ಐದು ಸಲ. ಐದೂ ಮಧ್ಯಾಹ್ನ ಒಂದರಿಂದ ಐದರ ಒಳಗೆ, ಐದೂ ಪತ್ರಾಸ್ ಕೋಣೆಯಲ್ಲಿ, ಐದೂ ಸಲ ವಿಡಿಯೋದ ಭಾರದ ಕೆಲಸ. ನೀಲಿ ಪರದೆ ಬಂದದ್ದು ಎಂಟು ಸಲ. ಅದಕ್ಕೆ ಹೊತ್ತಿಲ್ಲ ಗೊತ್ತಿಲ್ಲ. ಬೆಳಿಗ್ಗೆ ತಂಪಿನಲ್ಲೂ ಬಂದಿದೆ, ರಾತ್ರಿಯೂ ಬಂದಿದೆ. ಒಂದೊಂದು ಸಲ ಒಂದೊಂದು ಹೆಸರು.

ಈ ಎರಡನ್ನು ಬೇರೆ ಮಾಡಿ ನೋಡುವುದು ಬಹಳ ಮುಖ್ಯ. ನೀಲಿ ಪರದೆ ಅಂದರೆ ವಿಂಡೋಸ್ ತಾನಾಗಿ ನಿಂತದ್ದು. ಒಳಗೆ ಏನೋ ಹೊಂದುತ್ತಿಲ್ಲ, ಹೀಗೇ ಮುಂದೆ ಹೋದರೆ ಫೈಲ್‌ಗಳು ಕೆಡುತ್ತವೆ ಎಂದು ಅದು ಕೆಲಸ ನಿಲ್ಲಿಸಿ, ಒಂದು ಹೆಸರು ಬರೆದು, ಮತ್ತೆ ಚಾಲೂ ಆಗುತ್ತದೆ. ಅವಮಾನ ಪಟ್ಟುಕೊಳ್ಳುವ ವಿಷಯವೇ ಅಲ್ಲ. 1998ರ ಏಪ್ರಿಲ್ 20ರಂದು ಶಿಕಾಗೋದಲ್ಲಿ ಬಿಲ್ ಗೇಟ್ಸ್ ವಿಂಡೋಸ್ 98 ತೋರಿಸುತ್ತಿದ್ದಾಗ, ವೇದಿಕೆ ಮೇಲೆ ಸ್ಕ್ಯಾನರ್ ಜೋಡಿಸಿದ ಕೂಡಲೇ ಎಲ್ಲರೆದುರು ನೀಲಿ ಪರದೆ ಬಂದಿತ್ತು. 2025ರಿಂದ ವಿಂಡೋಸ್ 11ರಲ್ಲಿ ಈ ಪರದೆಯ ಬಣ್ಣ ಕಪ್ಪಾಗಿದೆ. ಆದರೂ ಅದರ ಮೇಲೆ ಅಕ್ಷರ ಇರುತ್ತದೆ. ಅಕ್ಷರವೇ ಇಲ್ಲದೆ ಪಟ್ಟಂತ ಆರಿದರೆ ಅದು ಬೇರೆ. ಅಲ್ಲಿ ವಿಂಡೋಸ್‌ಗೆ ಬರೆಯಲು ಪುರುಸೊತ್ತೇ ಸಿಕ್ಕಿರುವುದಿಲ್ಲ. ಕರೆಂಟ್ ಕಡಿದಿರಬೇಕು, ಇಲ್ಲವೆ ಕಾದು ತಾನೇ ಕಡಿದುಕೊಂಡಿರಬೇಕು.

ನಿಮ್ಮ ನೋಟ್‌ಬುಕ್ ತಪ್ಪಿದರೂ ವಿಂಡೋಸ್ ತನ್ನದೊಂದು ದಿನವಹಿ ಇಟ್ಟಿರುತ್ತದೆ. ಸ್ಟಾರ್ಟ್ ಒತ್ತಿ ಹುಡುಕುವ ಜಾಗದಲ್ಲಿ 'ರಿಲಯಬಿಲಿಟಿ' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಸಿಗುತ್ತದೆ. ತೆರೆದರೆ ದಿನದಿನದ ಪಟ್ಟಿ, ಬಿದ್ದ ದಿನಕ್ಕೆ ಕೆಂಪು ಗುರುತು. ಇನ್ನೂ ಒಳಗೆ ಹೋಗಬೇಕಾದರೆ 'ಇವೆಂಟ್ ವ್ಯೂವರ್' ಇದೆ. ಅದರ 'ಸಿಸ್ಟಮ್' ಭಾಗದಲ್ಲಿ 'ಕರ್ನಲ್-ಪವರ್ 41' ಎಂಬ ಸಾಲು ಕಂಡರೆ, ಲ್ಯಾಪ್‌ಟಾಪ್ ಸರಿಯಾಗಿ ಬಂದ್ ಆಗದೆ ಮತ್ತೆ ಚಾಲೂ ಆಗಿದೆ ಎಂದು ಅರ್ಥ. ನನ್ನ ನೋಟ್‌ಬುಕ್‌ನ ಸಮಯವೂ ಅದರ ಸಮಯವೂ ತಾಳೆಯಾದವು.

ಕಾರಣ ಹುಡುಕುವ ಮುಂಚೆ ಆಗಬೇಕಾದ ಕೆಲಸ ಒಂದಿತ್ತು: 14 ಹಾಡು ಹೊರಗೆ ತರುವುದು. ರ್‍ಯಾಮ್ ಮೇಲೆ ಸಂಶಯ ಬಂದಿದ್ದರಿಂದ ಅದೇ ಲ್ಯಾಪ್‌ಟಾಪ್‌ನಲ್ಲಿ ಕಾಪಿ ಮಾಡುವುದನ್ನು ನಿಲ್ಲಿಸಿದೆ. ಯಾಕೆಂದರೆ ಕಾಪಿ ಆಗುವ ಫೈಲ್ ಕೂಡ ಪಾಟಿಯ ಮೇಲೆ ಹಾದೇ ಹೋಗುತ್ತದೆ. ಪಾಟಿ ಒಡೆದಿದ್ದರೆ ಹೋಗುವ ಪ್ರತಿಯೂ ಒಡೆದೇ ಹೋಗಬಹುದು. ಝಳಕಿಯಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಹುಡುಗನ ಹತ್ತಿರ ಹೋಗಿ ನೋಟ್‌ಬುಕ್ ತೋರಿಸಿದೆ. ಓದಿ ನಕ್ಕ. "ಅಕ್ಕಾರ, ಹಿಂಗ ಬರಕೊಂಡು ಬಂದವ್ರು ನೀವ ಮೊದಲ್ನೇದವ್ರು. ಎಲ್ಲಾರೂ 'ಚಾಲೂ ಆಗವಲ್ದು' ಅಂತ ಇಟ್ಟ ಹೋಗ್ತಾರ." ಅವನು ಹಿಂದಿನ ಮುಚ್ಚಳ ಬಿಚ್ಚಿ, ಡಿಸ್ಕ್ ಹೊರಗೆ ತೆಗೆದು, ಯುಎಸ್‌ಬಿ ಡಬ್ಬಿಯೊಂದರಲ್ಲಿ ಕೂರಿಸಿ, ತನ್ನ ಕಂಪ್ಯೂಟರಿಗೆ ಜೋಡಿಸಿದ. ಹತ್ತು ನಿಮಿಷದಲ್ಲಿ ಎಲ್ಲ ಫೋಲ್ಡರ್ ಕಂಡವು. ಎರಡು ಪೆನ್‌ಡ್ರೈವ್‌ಗೆ ಎರಡು ಪ್ರತಿ ಮಾಡಿಸಿದೆ.

ಇಲ್ಲಿ ಹೊಸ ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ 'ಬಿಟ್‌ಲಾಕರ್' ಎಂಬ ಬೀಗ ಇರುತ್ತದೆ. ಬೇರೆ ಕಡೆ ಜೋಡಿಸಿದರೆ 48 ಅಂಕಿಯ ಒಂದು ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನೀವು ಲಾಗಿನ್ ಆಗಿರುವ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರದ ಜೊತೆ ಇಡಿ.

ಮನೆಗೆ ಬಂದು ಒಂದೊಂದೇ ಹಾಡು ಕೇಳಿದೆ. ತೀರಿಕೊಂಡ ಅಜ್ಜಿಯ ಐದೂ ಸುರಕ್ಷಿತ. ಉಳಿದ ಒಂಬತ್ತರಲ್ಲಿ ಒಂದು ಎರಡನೇ ನಿಮಿಷಕ್ಕೆ ನಿಂತುಬಿಡುತ್ತದೆ. 12ನೇ ತಾರೀಖು ರಾತ್ರಿ ಬಿದ್ದಾಗ ತೆರೆದಿದ್ದ ಫೈಲ್ ಅದೇ. ಅದನ್ನು ಹಾಡಿದವರು ಇನ್ನೂ ಗಟ್ಟಿಯಾಗಿದ್ದಾರೆ, ಹೋಗಿ ಮತ್ತೊಮ್ಮೆ ಕೇಳಿದೆ. ಹಾಡಿದರು. ಆದರೆ ನುಡಿಗಳು ಬೇರೆ ಬಂದವು. "ಅವತ್ತಿನ್ದು ಅವತ್ತಿಗ, ಇವತ್ತಿನ್ದು ಇವತ್ತಿಗ" ಅಂದರು. ಹೋದದ್ದು ಹೋದದ್ದೇ. ಹಲಸಂಗಿ ಗೆಳೆಯರು ಕೇಳಿದ ಹಾಡು ನಮ್ಮ ತನಕ ಬಂದದ್ದು ಅಚ್ಚಾಗಿ ಹಲವು ಮನೆಗಳಿಗೆ ಹೋದದ್ದರಿಂದ. ಒಂದೇ ಪ್ರತಿ ಆಗಿದ್ದರೆ ಗೆದ್ದಲಿಗೋ ಮಳೆಗೋ ಹೋಗಿರುತ್ತಿತ್ತು. ಕಾಗದಕ್ಕೆ ಯಾವ ನಿಯಮವೋ ಡಿಸ್ಕಿಗೂ ಅದೇ.

ಇನ್ನು ಕಳ್ಳರ ವಿಷಯ.

ಮೊದಲನೆಯವನು ಕಾವು. ಲ್ಯಾಪ್‌ಟಾಪ್‌ನ ಮುಖ್ಯ ಚಿಪ್ಪು ಹೆಚ್ಚೂಕಡಿಮೆ 100 ಡಿಗ್ರಿ ಮುಟ್ಟುವ ತನಕ ತಡೆಯುತ್ತದೆ. ಅದರ ಹತ್ತಿರ ಬಂದಾಗ ಮೊದಲು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಆದರೂ ಇಳಿಯದಿದ್ದರೆ ಸುಟ್ಟುಹೋಗಬಾರದು ಎಂದು ಪೂರ್ತಿ ಬಂದ್ ಆಗುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ, ಸುತ್ತಲಿನ ಗಾಳಿ 35 ಡಿಗ್ರಿ ಮೀರಬಾರದು ಎಂದು ಬರೆದಿರುತ್ತದೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ಅಂದರೆ ಹೊರಗೇ 40 ದಾಟುತ್ತದೆ. ಪತ್ರಾಸ್ ಕೆಳಗೆ ಕೇಳುವುದೇ ಬೇಡ. ಅಂದರೆ ಮಧ್ಯಾಹ್ನ ನಾವು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೇ ಅದು ಮಿತಿ ದಾಟಿ ಕೂತಿರುತ್ತದೆ.

ಅದರ ಮೇಲೆ ಧೂಳು. ಹುಡುಗ ಫ್ಯಾನ್ ಬಿಚ್ಚಿ ತೋರಿಸಿದ. ಫ್ಯಾನಿಗೂ ಅದರ ಮುಂದಿನ ತಾಮ್ರದ ಜಾಲರಿಗೂ ನಡುವೆ ಬೂದು ಬಣ್ಣದ ಒಂದು ಪದರ, ಕಂಬಳಿ ಹರಿದು ತುರುಕಿದ ಹಾಗೆ. ರಸ್ತೆ ಧೂಳು, ಜೋಳದ ಹೊಟ್ಟು, ಹತ್ತಿಯ ಎಳೆ ಎಲ್ಲ ಸೇರಿ ಗಟ್ಟಿಯಾಗಿತ್ತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಹೊರಗೆ ಹೋಗಲು ದಾರಿಯೇ ಇಲ್ಲ. ಅದನ್ನು ಬ್ರಷ್ಷಿನಿಂದ ತೆಗೆದ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಗೆ ಬೆರಳು ಒತ್ತಿ ಹಿಡಿದಿದ್ದ. ಗಾಳಿಯ ರಭಸಕ್ಕೆ ಫ್ಯಾನ್ ಗರಗರ ತಿರುಗಿದರೆ ಅದರ ಬೇರಿಂಗ್ ಕೆಡುತ್ತದೆ ಎಂದು ಹೇಳಿದ. ಚಿಪ್ಪಿನ ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿತ್ತು, ಒರೆಸಿ ಹೊಸದು ಹಚ್ಚಿದ. ಈ ಕೆಲಸಕ್ಕೆ ಅವನು ತೆಗೆದುಕೊಂಡದ್ದು 400 ರೂಪಾಯಿ.

ಎರಡನೆಯ ಕಳ್ಳ ರ್‍ಯಾಮ್. ನೀಲಿ ಪರದೆಯ ಮೇಲೆ ಪ್ರತಿ ಸಲ ಒಂದೇ ಹೆಸರು ಬಂದರೆ ಯಾವುದೋ ಒಂದು ಡ್ರೈವರ್ ಅಥವಾ ಒಂದು ಸಾಫ್ಟ್‌ವೇರ್ ಮೇಲೆ ಸಂಶಯ ಹೋಗುತ್ತದೆ. ಹೆಸರು ಬದಲಾಗುತ್ತಾ ಇದ್ದರೆ ರ್‍ಯಾಮ್ ನೋಡಬೇಕು. ಒಡೆದ ಪಾಟಿಯ ಬಿರುಕಿನ ಮೇಲೆ ಇವತ್ತು ಒಂದು ಅಕ್ಷರ ಬೀಳುತ್ತದೆ, ನಾಳೆ ಇನ್ನೊಂದು. ನನ್ನ ಎಂಟು ಸಲದಲ್ಲಿ ಐದು ಬೇರೆ ಬೇರೆ ಹೆಸರು ಬಂದಿದ್ದವು. ಇದನ್ನು ಪರೀಕ್ಷಿಸಲು ವಿಂಡೋಸ್‌ನಲ್ಲೇ 'ಮೆಮರಿ ಡಯಾಗ್ನೊಸ್ಟಿಕ್' ಎಂಬುದಿದೆ, ದುಡ್ಡಿಲ್ಲ. ಸ್ಟಾರ್ಟ್‌ನಲ್ಲಿ ಹುಡುಕಿ ಒತ್ತಿದರೆ ಲ್ಯಾಪ್‌ಟಾಪ್ ಮತ್ತೆ ಚಾಲೂ ಆಗಿ ರ್‍ಯಾಮನ್ನು ಮೂಲೆಮೂಲೆ ಬರೆದು ಓದಿ ನೋಡುತ್ತದೆ. ರಾತ್ರಿ ಹಚ್ಚಿ ಮಲಗಿದೆ. ಬೆಳಿಗ್ಗೆ, ಹಾರ್ಡ್‌ವೇರ್‌ನಲ್ಲಿ ತೊಂದರೆ ಇದೆ ಎಂದು ಬಂದಿತ್ತು.

ನನ್ನ ಲ್ಯಾಪ್‌ಟಾಪ್‌ನಲ್ಲಿ ರ್‍ಯಾಮ್‌ನ ಎರಡು ಪಟ್ಟಿ ಇದ್ದವು. ಮತ್ತೆ ಝಳಕಿಗೆ ಹೋದೆ. ಹುಡುಗ ಮೊದಲು ಎರಡನ್ನೂ ಕಿತ್ತು, ಬಂಗಾರ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿ ನೋಡಿದ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದಂತೆ. ನನ್ನದು ಹೋಗಲಿಲ್ಲ. ಆಮೇಲೆ ಒಂದು ತೆಗೆದು ಇನ್ನೊಂದರ ಮೇಲೆ ಪರೀಕ್ಷೆ, ಅದನ್ನು ತೆಗೆದು ಇದರ ಮೇಲೆ ಪರೀಕ್ಷೆ. ಒಂದು ಪಾಸು, ಒಂದು ಫೇಲು. ಫೇಲಾದ ಪಟ್ಟಿಯನ್ನು ಪಾಸಾದದ್ದರ ಜಾಗದಲ್ಲಿ ಹಾಕಿಯೂ ನೋಡಿದ, ಅಲ್ಲೂ ಫೇಲಾಯಿತು. ಅಂದಮೇಲೆ ಜಾಗದ ತಪ್ಪಿಲ್ಲ, ಪಟ್ಟಿಯದೇ ತಪ್ಪು. ಬಳಸಿದ ಒಂದು ಪಟ್ಟಿಯನ್ನು 900 ರೂಪಾಯಿಗೆ ಹಾಕಿಕೊಟ್ಟ. ಒಟ್ಟು 1,300. ಅವತ್ತಿನಿಂದ ನೋಟ್‌ಬುಕ್‌ನಲ್ಲಿ 14ನೇ ಸಾಲು ಬಿದ್ದಿಲ್ಲ.

ನಮ್ಮ ಕಡೆ ಎಲ್ಲರೂ ಕೈ ತೋರಿಸುವುದು ಕರೆಂಟಿನ ಕಡೆಗೆ. ನಾನೂ ಅದನ್ನು ನೋಡಿದೆ. ಲ್ಯಾಪ್‌ಟಾಪ್ ಚಾರ್ಜರಿನ ಹಿಂದೆ ಸಣ್ಣ ಅಕ್ಷರದಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಹೀಗಾಗಿ ಸಂಜೆ ವೋಲ್ಟೇಜ್ ಇಳಿದು ಬಲ್ಬು ಮಂಕಾದರೂ ಒಳ್ಳೆಯ ಚಾರ್ಜರ್ ಅದನ್ನು ತಾಳಿಕೊಳ್ಳುತ್ತದೆ. ಕೆಡುಕು ಮಾಡುವುದು ಸಡಿಲವಾದ ಸಾಕೆಟ್ಟು, ಕರೆಂಟ್ ಹೋಗಿ ಬಂದಾಗಿನ ಹೊಡೆತ, ಮತ್ತು ಸಂತೆಯಲ್ಲಿ ಸಿಗುವ ಕಡಿಮೆ ವ್ಯಾಟಿನ ನಕಲಿ ಚಾರ್ಜರ್. 65 ವ್ಯಾಟ್ ಬೇಕಾದ ಕಡೆ 45 ವ್ಯಾಟಿನದು ಹಚ್ಚಿದರೆ ಭಾರದ ಕೆಲಸದಲ್ಲಿ ಅದು ಸೋಲುತ್ತದೆ. ಹಳೆಯ ಚಾರ್ಜರ್, ಹೊಸ ಚಾರ್ಜರ್ ಎರಡರ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ವೋಲ್ಟ್, ಆಂಪಿಯರ್ ಓದಿ ನೋಡಿ. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಮೊದಲಿಗಿಂತ ಕಡಿಮೆ ಇರಬಾರದು.

ಕರೆಂಟ್ ಹೋದ ಕ್ಷಣಕ್ಕೇ ಲ್ಯಾಪ್‌ಟಾಪ್ ಬಂದ್ ಬೀಳುತ್ತಿದ್ದರೆ ಅದು ಬ್ಯಾಟರಿ ಮುಗಿದ ಲಕ್ಷಣ. ನನ್ನದು ಬ್ಯಾಟರಿ ಮೇಲೂ ಬಿದ್ದಿತ್ತು, ಚಾರ್ಜರ್ ಹಚ್ಚಿದಾಗಲೂ ಬಿದ್ದಿತ್ತು. ನೋಟ್‌ಬುಕ್‌ನ ಆ ಕಾಲಂ ಇದ್ದದ್ದರಿಂದಲೇ ಹೊಸ ಬ್ಯಾಟರಿಯ ಖರ್ಚು ಉಳಿಯಿತು. ಆದರೆ ಮೌಸ್ ಪ್ಯಾಡ್ ಉಬ್ಬಿದ್ದರೆ, ತಳ ಸಮತಟ್ಟಾಗಿ ಕೂಡದಿದ್ದರೆ, ಒಳಗಿನ ಬ್ಯಾಟರಿ ಊದಿಕೊಂಡಿರುತ್ತದೆ. ಆಗ ಯಾವ ಪರೀಕ್ಷೆಯೂ ಬೇಡ. ಚಾರ್ಜರ್ ಕಿತ್ತು, ಬಂದ್ ಮಾಡಿ, ಅಂಗಡಿಗೆ ಒಯ್ಯಿರಿ. ಒತ್ತಬೇಡಿ, ಚುಚ್ಚಬೇಡಿ. ಬೆಂಕಿ ಹತ್ತುತ್ತದೆ.

ಹಾಗಾದರೆ ಸಾಫ್ಟ್‌ವೇರಿನ ತಪ್ಪು ಇರುವುದೇ ಇಲ್ಲವೇ? ಇರುತ್ತದೆ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಒಂದೇ ದಿನ ನೀಲಿಯಾದವು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ತನ್ನ ರಕ್ಷಣಾ ಸಾಫ್ಟ್‌ವೇರಿಗೆ ಕಳಿಸಿದ ಒಂದು ಅಪ್‌ಡೇಟ್‌ನಲ್ಲಿ ದೋಷ ಇತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ಅಷ್ಟು ದೊಡ್ಡ ಅನಾಹುತಕ್ಕೂ ಫಾರ್ಮ್ಯಾಟ್ ಬೇಕಾಗಲಿಲ್ಲ ನೋಡಿ. ಕಂಪ್ಯೂಟರನ್ನು 'ಸೇಫ್ ಮೋಡ್'ನಲ್ಲಿ ಚಾಲೂ ಮಾಡಿ ಆ ಒಂದು ಕೆಟ್ಟ ಫೈಲ್ ಅಳಿಸಿದರೆ ಸಾಕಿತ್ತು. ಸೇಫ್ ಮೋಡ್ ಅಂದರೆ ವಿಂಡೋಸ್ ತನಗೆ ಬೇಕೇ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಏಳುವುದು. ನಿಮ್ಮ ಲ್ಯಾಪ್‌ಟಾಪ್ ಸೇಫ್ ಮೋಡ್‌ನಲ್ಲಿ ತಾಸುಗಟ್ಟಲೆ ಚೆನ್ನಾಗಿ ಓಡಿ, ಮಾಮೂಲಿಯಾಗಿ ಚಾಲೂ ಮಾಡಿದಾಗ ಮಾತ್ರ ಬಿದ್ದರೆ, ಆಗ ಡ್ರೈವರನ್ನೋ ಈಚೆಗೆ ಹಾಕಿದ ಸಾಫ್ಟ್‌ವೇರನ್ನೋ ಹಿಡಿಯಬಹುದು. ವಿಂಡೋಸ್ 10 ಬಳಸುವವರಿಗೆ 2025ರ ಅಕ್ಟೋಬರ್ 14ಕ್ಕೆ ಉಚಿತ ಬೆಂಬಲದ ಅವಧಿ ಮುಗಿದಿದೆ ಎಂಬುದೂ ನೆನಪಿರಲಿ. ಅದರಿಂದ ಲ್ಯಾಪ್‌ಟಾಪ್ ಬೀಳುವುದಿಲ್ಲ, ಆದರೆ ರಕ್ಷಣೆ ಕಡಿಮೆಯಾಗುತ್ತದೆ.

ಈ ಎಲ್ಲ ನೋಡಿದ ಮೇಲೂ ಸಿಗದಿದ್ದರೆ, ಪ್ರತಿಗಳು ಕೈಯಲ್ಲಿದ್ದರೆ, ಫಾರ್ಮ್ಯಾಟ್ ಮಾಡಿಸಿ. ಅದು ಔಷಧಿಯೇ. ಆದರೆ ಮೊದಲ ಔಷಧಿ ಆಗಬಾರದು.

ಅಜ್ಜಿಯ ಮಗಳಿಗೆ ಐದೂ ಹಾಡು ಕಳಿಸಿದೆ. ಮಾರನೇ ದಿನ ಫೋನ್ ಮಾಡಿದರು. "ನಮ್ಮ ಮೊಮ್ಮಗಳು ನಿನ್ನಿಂದ ಅದನ್ನ ಹಚ್ಕೊಂಡ ಕುಂತಾಳವಾ. ಆಯಿ ಹೆಂಗ ಕೆಮ್ಮತಾಳ ನೋಡು ಅಂತ ನಗತಾಳ." ಎರಡನೇ ಹಾಡಿನ ನಡುವೆ ಅಜ್ಜಿ ಕೆಮ್ಮಿ, ನೀರು ಕೇಳಿ, ಮತ್ತೆ ಎತ್ತಿಕೊಳ್ಳುತ್ತಾರೆ. ಅದನ್ನು ನಾನು ಕತ್ತರಿಸಿರಲಿಲ್ಲ.

ನಿಮ್ಮ ಬ್ಯಾಗಿನಲ್ಲೂ ಒಂದು ಸಣ್ಣ ನೋಟ್‌ಬುಕ್ ಇರಲಿ. ಆರು ಕಾಲಂ ಸಾಕು: ತಾರೀಖು ಮತ್ತು ಗಂಟೆ, ಕೂತ ಜಾಗ, ಚಾರ್ಜರೋ ಬ್ಯಾಟರಿಯೋ, ಏನೇನು ತೆರೆದಿತ್ತು, ಪರದೆ ಮೇಲೆ ಏನು ಬಂತು, ಅದಕ್ಕೆ ಮುಂಚೆ ಹೊಸದಾಗಿ ಏನು ಹಾಕಿದ್ದಿರಿ. ನೀಲಿ ಪರದೆ ಕೆಲವೇ ಕ್ಷಣ ಇರುತ್ತದೆ, ಬರೆಯಲು ಆಗದಿದ್ದರೆ ಮೊಬೈಲ್‌ನಲ್ಲಿ ಫೋಟೋ ಹೊಡೆಯಿರಿ. ಮೊಬೈಲ್ ತಾನೇ ಆಫ್ ಆಗಿ ಆನ್ ಆಗುತ್ತಿದ್ದರೂ ಇದೇ ರೀತಿ ಬರೆಯಿರಿ. ಐದಾರು ಸಾಲು ಆದ ಮೇಲೆ ಅಂಗಡಿಗೆ ಹೋಗಿ. ಯಂತ್ರ ಕೊಡುವ ಮುಂಚೆ ನೋಟ್‌ಬುಕ್ ಕೊಡಿ.